ಲಸಿಕೆ ಹಾಕಿಸಿದ ಮೇಲೆ ಬೆಕ್ಕು ನೀರೇ ಮುಟ್ಟುತ್ತಿಲ್ಲ, ಏನು ಮಾಡಲಿ?

ಡೊಂಬಿವಲಿ_ಚಿನ್ನು (ಭಾನುವಾರ, ಬೆಳಿಗ್ಗೆ 10:40)
ನಮ್ಮ ಚಿನ್ನುಗೆ ಎರಡು ವರ್ಷ, 4 ಕೆಜಿ ತೂಕ. ನಿನ್ನೆ ಮಧ್ಯಾಹ್ನ ಮೂರು ರೋಗದ ಲಸಿಕೆ, ರೇಬಿಸ್ ಲಸಿಕೆ ಎರಡನ್ನೂ ಒಟ್ಟಿಗೆ ಹಾಕಿಸಿದೆ. ಸಂಜೆಗೆ ಮೈ ಸುಡುತ್ತಿತ್ತು. ಎರಡು ಸಲ ವಾಂತಿ ಮಾಡಿದ. ರಾತ್ರಿಯಿಂದ ಮಂಚದ ಕೆಳಗೆ ಮುದುಡಿಕೊಂಡಿದ್ದಾನೆ. ನೀರು ಮುಂದಿಟ್ಟರೆ ಮುಖ ತಿರುಗಿಸುತ್ತಾನೆ. ಬೆಳಿಗ್ಗೆ ಸಿರಿಂಜಿನಲ್ಲಿ 5 ಮಿಲಿ ಒಂದೇ ಸಲ ಹಾಕಿದೆ, ಕೆಮ್ಮಿಬಿಟ್ಟ. ಹೆದರಿ ನಿಲ್ಲಿಸಿದೆ. ಡಾಕ್ಟರ ಕ್ಲಿನಿಕ್ ಇವತ್ತು ಬಂದ್, ಫೋನೂ ಎತ್ತುತ್ತಿಲ್ಲ. ಸ್ವಲ್ಪ ಕ್ರೋಸಿನ್ ಕೊಟ್ಟರೆ ಜ್ವರ ಇಳಿದು ತಾನೇ ಕುಡಿಯುತ್ತಾನಾ?

ಠಾಣೆ_ಶೆಟ್ರು
ಕ್ರೋಸಿನ್ ಬೇಡವೇ ಬೇಡ! ಅದು ಪ್ಯಾರಾಸಿಟಮಾಲ್. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು.
ಮುಖ ಊದಿದೆಯಾ? ಬಾಯಿ ತೆರೆದು ಉಸಿರಾಡುತ್ತಿದ್ದಾನಾ? ಒಸಡು ಬಿಳಿಚಿದೆಯಾ? ಇದರಲ್ಲಿ ಒಂದಿದ್ದರೂ ಉತ್ತರಕ್ಕೆ ಕಾಯಬೇಡಿ, ತೆರೆದಿರುವ ಆಸ್ಪತ್ರೆಗೆ ರಿಕ್ಷಾ ಹಿಡಿದು ಹೊರಡಿ.

ಡೊಂಬಿವಲಿ_ಚಿನ್ನು
ಊದಿಲ್ಲ ಶೆಟ್ರೇ. ಉಸಿರು ಸರಿಯಾಗಿದೆ. ಒಸಡು ಗುಲಾಬಿ ಬಣ್ಣವೇ, ಆದರೆ ಬೆರಳಿಗೆ ಅಂಟಂಟು. ರಾತ್ರಿಯಿಂದ ವಾಂತಿ ಇಲ್ಲ.

ಮಾಟುಂಗಾ_ಬೆಕ್ಕಿನಕ್ಕ
ಅಂಟಂಟು ಅಂದರೆ ಮೈಯಲ್ಲಿ ನೀರು ಕಡಿಮೆಯಾಗುತ್ತಿದೆ ತಂಗಿ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಜಾಗಕ್ಕೆ ಕೂತರೆ ಮನೆಯಲ್ಲೇ ಪ್ರಯತ್ನ ಮಾಡಲು ಸ್ವಲ್ಪ ಸಮಯ ಇದೆ. ಗುಡಾರದ ಹಾಗೆ ಎದ್ದು ನಿಂತು ನಿಧಾನಕ್ಕೆ ಇಳಿದರೆ ಇವತ್ತೇ ಡಾಕ್ಟರ್ ಬೇಕು.

ಲಸಿಕೆಯ ನಂತರ ಒಂದೆರಡು ದಿನ ಜ್ವರ, ಮಂಕು ಇರುವುದುಂಟು. ಜ್ವರದಲ್ಲಿ ಬೆಕ್ಕಿಗೆ ಬರೀ ನೀರು ಬೇಡವಾಗಬಹುದು, ಆದರೆ ಊಟದ ವಾಸನೆ ಎಳೆಯಬಹುದು. ಆದ್ದರಿಂದ ಬರೀ ನೀರಿನ ಹಿಂದೆ ಬೀಳಬೇಡಿ. ಒಂದು ತುಂಡು ಕೋಳಿಯನ್ನೋ ಬಂಗುಡೆಯನ್ನೋ ಸುಮ್ನೆ ನೀರಲ್ಲಿ ಬೇಯಿಸಿ. ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿ ಸೋಕಲೂಬಾರದು, ಅವು ಬೆಕ್ಕಿನ ರಕ್ತಕಣ ಒಡೆಯುತ್ತವೆ. ಆ ನೀರನ್ನು ಸೋಸಿ, ಬೆರಳಿಗೆ ಉಗುರುಬೆಚ್ಚಗೆ ಹತ್ತುವಷ್ಟು ಬಿಸಿ ಇರುವಾಗ ಅಗಲ ತಟ್ಟೆಯಲ್ಲಿ ಹಾಕಿ. ಮಂಚದ ಕೆಳಗೇ ಇಡಿ, ಅವನನ್ನು ಎಳೆದು ತರಬೇಡಿ. ಮೂಗಿನ ಹತ್ತಿರ ಬೆರಳಲ್ಲಿ ಒಂದು ಹನಿ ಹಿಡಿದು ನೋಡಿ. ನೆಕ್ಕಿದರೆ ಅರ್ಧ ಗೆದ್ದ ಹಾಗೆ.

ಅಂಗಡಿಯ ಗ್ರೇವಿ ಪೌಚ್ ಸಿಕ್ಕರೆ ಅದಕ್ಕೆ ಎರಡು ಚಮಚ ಬಿಸಿನೀರು ಕಲಸಿ. 85 ಗ್ರಾಂ ಪೌಚಿನಲ್ಲಿ ಹೆಚ್ಚುಕಡಿಮೆ 65 ಮಿಲಿ ನೀರೇ ಇರುತ್ತದೆ. ಅವನ ತೂಕಕ್ಕೆ ಊಟವೂ ಸೇರಿ ದಿನಕ್ಕೆ ಸುಮಾರು 200 ಮಿಲಿ ನೀರು ಬೇಕು.

ಏನೂ ಆಗದಿದ್ದರೆ ಮಾತ್ರ ಸಿರಿಂಜ್. ಸೂಜಿ ಇಲ್ಲದ 1 ಮಿಲಿ ಸಿರಿಂಜ್ ಸಾಕು. ಟವೆಲ್ ಸುತ್ತಿ, ಹೊಟ್ಟೆ ಕೆಳಗಾಗಿ ಕೂರಿಸಿ. ತಲೆ ಮೇಲಕ್ಕೆ ಎತ್ತಬೇಡಿ. ಕೋರೆಹಲ್ಲಿನ ಹಿಂದಿನ ಸಂದಿಯಲ್ಲಿ ಪಕ್ಕದಿಂದ ಅರ್ಧ ಮಿಲಿ ಬಿಡಿ. ನುಂಗಿದ್ದನ್ನು ನೋಡಿ ಆಮೇಲೆ ಇನ್ನೊಂದು. ಒಂದು ಸಲಕ್ಕೆ ಐದಾರು ಮಿಲಿ, ಗಂಟೆ ಬಿಟ್ಟು ಮತ್ತೆ. ಬೆಳಿಗ್ಗೆ ಕೆಮ್ಮಿದ್ದು ನೀರು ಶ್ವಾಸಕ್ಕೆ ಹೋಗಿದ್ದಕ್ಕೇ ಇರಬೇಕು, ಡಾಕ್ಟರಿಗೆ ತಪ್ಪದೆ ಹೇಳಿ. ಮತ್ತೆ ವಾಂತಿಯಾದರೆ ನಿಲ್ಲಿಸಿಬಿಡಿ.

ಡೊಂಬಿವಲಿ_ಚಿನ್ನು
ಚರ್ಮ ತಕ್ಷಣ ಕೂತಿತು ಅಕ್ಕ. ಬಂಗುಡೆ ನೀರು ಇಡುತ್ತೇನೆ. ಹಾಲು ಕೊಡಬಹುದಾ? ಅತ್ತೆ ಹೇಳುತ್ತಿದ್ದಾರೆ.

ಮಾಟುಂಗಾ_ಬೆಕ್ಕಿನಕ್ಕ
ಬೇಡ. ದೊಡ್ಡ ಬೆಕ್ಕುಗಳಿಗೆ ಹಾಲು ಸಾಮಾನ್ಯವಾಗಿ ಅರಗುವುದಿಲ್ಲ, ಭೇದಿಯಾದರೆ ಇರುವ ನೀರೂ ಹೋಗುತ್ತದೆ.

ಠಾಣೆ_ಶೆಟ್ರು
ಸಂಜೆಯವರೆಗೆ ಮೂತ್ರ ಮಾಡದಿದ್ದರೆ, ಏನೂ ತಿನ್ನದಿದ್ದರೆ ನಾಳೆಗೆ ಕಾಯಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹತ್ತಿರ ಎಲ್ಲೂ ಆಗದಿದ್ದರೆ ಪರೇಲಿನ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಡೊಂಬಿವಲಿ_ಚಿನ್ನು (ಸೋಮವಾರ, ಮಧ್ಯಾಹ್ನ 1:15)
ನಿನ್ನೆ ಮೂರು ಗಂಟೆಗೆ ಬೆರಳಿನ ಬಂಗುಡೆ ನೀರು ನೆಕ್ಕಿದ. ನಾನು ಅತ್ತೇಬಿಟ್ಟೆ. ರಾತ್ರಿಯೊಳಗೆ ಒಟ್ಟು 40 ಮಿಲಿ ಹೋಯಿತು, ಸಿರಿಂಜ್ ಎರಡೇ ಸಲ ಬೇಕಾಯಿತು. ಒಂಬತ್ತಕ್ಕೆ ಮೂತ್ರವೂ ಮಾಡಿದ. ಇವತ್ತು ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು, ಶ್ವಾಸಕೋಶ ಸರಿಯಾಗಿದೆಯಂತೆ. ಚರ್ಮದ ಕೆಳಗೆ ಸಲೈನ್ ಕೊಟ್ಟರು. ಹೆಗಲ ಮೇಲೆ ಗೂನಿನ ಹಾಗೆ ಎದ್ದಿದೆ, ಈಗ ಮುಂಗಾಲಿನ ಕಡೆ ಇಳಿಯುತ್ತಿದೆ. ಇದು ಹೀಗೇನಾ?

ಮಾಟುಂಗಾ_ಬೆಕ್ಕಿನಕ್ಕ
ಹೌದು, ಕೆಲವು ಗಂಟೆಗಳಲ್ಲಿ ಮೈ ಎಳೆದುಕೊಳ್ಳುತ್ತದೆ. ಲಸಿಕೆಯ ಹೆಸರು, ಬ್ಯಾಚ್ ನಂಬರ್, ಏನೇನಾಯಿತು ಎಲ್ಲವನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಎರಡು ಲಸಿಕೆಗಳನ್ನು ಬೇರೆ ಬೇರೆ ದಿನ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಕ್ಲಿನಿಕ್‌ನಲ್ಲೇ ಕೂತಿರಿ. ಹೆದರಿ ರೇಬಿಸ್ ಲಸಿಕೆ ಬಿಟ್ಟುಬಿಡಬೇಡಿ.
ಇನ್ನೊಂದು. ಸೂಜಿ ಚುಚ್ಚಿದ ಜಾಗದಲ್ಲಿ ಗಂಟಾದರೆ ತಾರೀಖು ಬರೆದಿಡಿ. ಮೂರು ತಿಂಗಳಾದರೂ ಕರಗದಿದ್ದರೆ, 2 ಸೆಂಟಿಮೀಟರ್‌ಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ತೋರಿಸಲೇಬೇಕು.

ಡೊಂಬಿವಲಿ_ಚಿನ್ನು
ಬಲ ಹಿಂಗಾಲಿನಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿಗೆ ಗುರುತು ಹಾಕಿದೆ ಅಕ್ಕ. ಚಿನ್ನು ಈಗ ಬಚ್ಚಲಿನ ಬಕೆಟ್ಟಿಗೆ ಮುಂಗಾಲು ಊರಿ ತಾನೇ ನೀರು ಕುಡಿಯುತ್ತಿದ್ದಾನೆ.