ಲಂಕಾ ಮೆಣಸಿನ ಒಪ್ಪಂದಕ್ಕೆ ಸಂಸತ್ತಿನಲ್ಲಿ ಓಟು ಬಿದ್ದಿತ್ತಾ?

ಮೆಣಸುಬಳ್ಳಿ:
ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ, ಸಿಲ್ವರ್ ಮರಕ್ಕೆಲ್ಲ ಮೆಣಸು ಹಬ್ಬಿಸಿದ್ದೇವೆ. ಮೊನ್ನೆ ಮೂಟೆ ಕಟ್ಟಿಕೊಂಡು ಹೋದರೆ ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, ‘ಲಂಕಾ ಮಾಲು ಬಂದಿದೆ, ಇದಕ್ಕಿಂತ ಜಾಸ್ತಿ ಆಗಲ್ಲ’ ಅಂದ. 1998ರಲ್ಲಿ ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಆಗಿದ್ದು ಗೊತ್ತು. ಅದನ್ನು ಸಂಸತ್ತಿನಲ್ಲಿ ಓಟಿಗೆ ಹಾಕಿದ್ದರಾ? ಆಗಿನ ನಮ್ಮ ಎಂಪಿ ಕೈ ಎತ್ತಿದ್ದರಾ ಇಲ್ವಾ?

ಕಪ್ಪುಕೋಟು:
ಇಲ್ಲ ಸಾರ್. ಹಾಕಲೇಬೇಕು ಅಂತ ನಮ್ಮ ಸಂವಿಧಾನದಲ್ಲೂ ಇಲ್ಲ. ಬೇರೆ ದೇಶದ ಜೊತೆ ಒಪ್ಪಂದ ಅನ್ನೋದು ಕೇಂದ್ರ ಪಟ್ಟಿಯ, ಅಂದರೆ ಸಂವಿಧಾನ ಕೇಂದ್ರಕ್ಕೆ ಬಿಟ್ಟ ವಿಷಯಗಳ ಪಟ್ಟಿಯ, 14ನೇ ನಮೂದು. ಸಂಸತ್ತು ಕಾನೂನು ಮಾಡಬಹುದಾದ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೂ ಅಧಿಕಾರ ಇದೆ ಅನ್ನುತ್ತದೆ 73ನೇ ವಿಧಿ. ಸಂಪುಟ ಒಪ್ಪಿದರೆ ಸಹಿ ಬಿತ್ತು. ಇರುವ ಕಾನೂನು ಬದಲಾಗಬೇಕಾದರೆ ಮಾತ್ರ ಸಂಸತ್ತಿಗೆ ಹೋಗಬೇಕು. 1969ರ ಕಛ್ ಗಡಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಮೆಣಸುಬಳ್ಳಿ:
ಸುಂಕ ಇಳಿಸಿದರಲ್ಲ ಮಾರಾಯ್ರೆ, ಅದು ಕಾನೂನು ಅಲ್ವಾ?

ಕಪ್ಪುಕೋಟು:
ಅಲ್ಲೇ ಇರೋದು ಕಥೆ. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ಸುಂಕ ಬಿಟ್ಟುಕೊಡುವ ಅಧಿಕಾರವನ್ನು ಸಂಸತ್ತೇ ಸರ್ಕಾರದ ಕೈಗೆ ಕೊಟ್ಟಿದೆ. ಒಂದು ಅಧಿಸೂಚನೆ ಸಾಕು. ಆಮೇಲೆ ಅದನ್ನು ಸದನದ ಮೇಜಿನ ಮೇಲೆ ಇಡುತ್ತಾರೆ, ಯಾರಾದರೂ ತಕರಾರು ತೆಗೆದರೆ ಉಂಟು, ಇಲ್ಲಾಂದರೆ ಕಾಗದದ ರಾಶಿಯಲ್ಲಿ ಇನ್ನೊಂದು ಕಾಗದ. ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ವಿಷಯದಲ್ಲಿ ಹೀಗೆ ಆಗಲಿಲ್ಲ. ಪೇಟೆಂಟ್ ಕಾಯ್ದೆಯನ್ನೇ ತಿದ್ದಬೇಕಿತ್ತು, 1999, 2002, 2005 ಅಂತ ಮೂರು ಸಲ ಸಂಸತ್ತಿನ ಮುಂದೆ ಹೋಗಬೇಕಾಯಿತು.

ಡಲ್ಲಾಸ್ ಕನ್ನಡಿಗ:
ಅಮೆರಿಕದಲ್ಲಿ ಸುಂಕದ ಅಧಿಕಾರ ಸಂವಿಧಾನದ ಪ್ರಕಾರ ಕಾಂಗ್ರೆಸ್ಸಿನದು. ಕೆನಡಾ, ಮೆಕ್ಸಿಕೋ ಜೊತೆಗಿನ ವ್ಯಾಪಾರ ಒಪ್ಪಂದ ನಾಫ್ಟಾವನ್ನು 1993ರಲ್ಲಿ ಮಾಮೂಲಿ ಮಸೂದೆ ತರಹವೇ ತಂದರು, ವಿದೇಶಿ ಒಪ್ಪಂದಕ್ಕೆ (ಟ್ರೀಟಿ) ಮೇಲ್ಮನೆಯಾದ ಸೆನೆಟ್ಟಿನಲ್ಲಿ ಬೇಕಾಗುವ ಮೂರನೇ ಎರಡು ಬಹುಮತ ಇಲ್ಲಿ ಬೇಕಾಗಲಿಲ್ಲ. ಕೆಳಮನೆಯಲ್ಲಿ 234ಕ್ಕೆ 200. ಯಾರು ಯಾವ ಕಡೆ ಅಂತ ಹೆಸರು ಸಮೇತ ಸಿಗುತ್ತದೆ.

ಅಡಿಕೆ ಹಾಳೆ:
ಕೃಷಿ ರಾಜ್ಯದ ಪಟ್ಟಿಯಲ್ಲಿದೆ, ಬೆಂಗಳೂರಿನವರನ್ನು ಕೇಳಬೇಡ್ವಾ ಅಂತ ಯಾರಾದರೂ ಅಂದರೆ 253ನೇ ವಿಧಿ ಓದಿಸಿ. ಒಪ್ಪಂದ ಜಾರಿ ಮಾಡೋಕೆ ಅಂದರೆ ಸಂಸತ್ತು ರಾಜ್ಯದ ವಿಷಯದ ಮೇಲೂ ಕಾನೂನು ಮಾಡಬಹುದು. ಹಾಗಂತ ಸುಮ್ನೆ ಕೂರೋದೂ ಬೇಡ. 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದೂ ಅಧಿಸೂಚನೆಯಲ್ಲೇ. 2019ರ ನವೆಂಬರಿನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಆರ್‌ಸಿಇಪಿಯಿಂದ ಹೊರಬಂದಾಗಲೂ ಓಟು ಇರಲಿಲ್ಲ, ಆದರೆ ಅದಕ್ಕೆ ಮೊದಲು ಹಾಲು ಹಾಕುವ ರೈತರು ಬೀದಿಗಿಳಿದಿದ್ದರು.

ಮೆಣಸುಬಳ್ಳಿ:
ಸರಿ ಹಾಗಾದರೆ. ಕೈ ಎತ್ತಿದ್ರಾ ಅಂತ ಎಂಪಿಯನ್ನು ಕೇಳಲ್ಲ, ಆ ಕಾಗದ ಮೇಜಿಗೆ ಬಂದ ದಿನ ಎಲ್ಲಿದ್ರಿ ಅಂತ ಕೇಳ್ತೀನಿ.