ಪ್ರಶ್ನೋತ್ತರ: ಬ್ರಿಟಿಷ್ ಸಿಲೆಬಸ್ ಶಾಲೆ, ಬೇರೆ ಥರ ಕಲಿಯುವ ಮಗು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವಿದೇಶದಿಂದ ಬೆಂಗಳೂರಿಗೆ ಬರುತ್ತಿರುವ, ವಾಪಸ್ಸಾಗುತ್ತಿರುವ ಮನೆಯವರಿಂದ ದಿನಾ ಒಂದೇ ಪ್ರಶ್ನೆ: ಬ್ರಿಟಿಷ್ ಸಿಲೆಬಸ್ ಇದ್ದು, ಎಲ್ಲ ಥರದ ಮಕ್ಕಳನ್ನೂ ಸೇರಿಸಿಕೊಳ್ಳುವ ಶಾಲೆ ಯಾವುದು ಅಂತ. ಇವತ್ತು ಮೇಡಂ ಉತ್ತರ ಕೊಡುತ್ತಾರೆ. 19 ವರ್ಷದಿಂದ ವಿಶೇಷ ಶಿಕ್ಷಕಿ, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇರುವವರು. ಶಾಲೆಗಳ ಹೆಸರು ಮಾತ್ರ ಇಲ್ಲಿ ಬೇಡ. ಹೊಗಳುವುದಕ್ಕೂ ಬೇಡ, ಬೈಯುವುದಕ್ಕೂ ಬೇಡ.

ವರ್ತೂರು ಅಮ್ಮ: ಮೇಡಂ, ಮಗಳು ದುಬೈನಲ್ಲಿ ಇಯರ್ 4 ಮುಗಿಸಿದ್ದಾಳೆ. ಇಲ್ಲಿ ಯಾವ ಕ್ಲಾಸಿಗೆ ಸೇರಿಸಬೇಕು?

ಮೇಡಂ: ಇಯರ್ ಸಂಖ್ಯೆಯಲ್ಲಿ ಒಂದು ಕಳೆಯಿರಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ 5 ತುಂಬಿದ ಮೇಲೆ ಬರುವ ಸೆಪ್ಟೆಂಬರಿಗೆ ಇಯರ್ 1 ಶುರು. ಹಾಗಾಗಿ ಇಯರ್ 4 ಅಂದರೆ ಹೆಚ್ಚುಕಮ್ಮಿ ನಮ್ಮ 3ನೇ ಕ್ಲಾಸು. ನಿಮ್ಮ ಮಗಳು ಈಗ ಇಯರ್ 5ಕ್ಕೆ, ಅಂದರೆ ನಮ್ಮ 4ಕ್ಕೆ.

ಬೆಳ್ಳಂದೂರು ಅಪ್ಪ: ಯಾವ ಶಾಲೆ ಬೆಸ್ಟ್ ಮೇಡಂ? ಹೆಸರು ಹೇಳಿ ಸಾಕು. ಬಜೆಟ್ ತೊಂದರೆ ಇಲ್ಲ.

ಮೇಡಂ: ಹೆಸರು ಹೇಳುವುದಿಲ್ಲ. ನಿಮ್ಮ ಮಗುವಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಬಿಡದಿಯಿಂದ: ನಮ್ಮ ಕಂಪನಿಗೆ ಜಪಾನಿನಿಂದ ಬಂದಿರುವ ಸಹೋದ್ಯೋಗಿಯ ಪರವಾಗಿ ಕೇಳುತ್ತಿದ್ದೇನೆ. ಮಗ 7 ವರ್ಷದವನು, ಚುರುಕಾಗಿದ್ದಾನೆ, ಇಂಗ್ಲಿಷ್ ಮಾತ್ರ ಬರಲ್ಲ. ಶಾಲೆಯವರು ಅವನನ್ನು ಕಲಿಕೆ ನೆರವಿನ ಗುಂಪಿಗೆ ಹಾಕಿ, ಅದಕ್ಕೆ ಬೇರೆ ಫೀಸ್ ಕೇಳುತ್ತಿದ್ದಾರೆ. ಸರಿನಾ?

ಮೇಡಂ: ಸರಿಯಲ್ಲ. ಇಂಗ್ಲಿಷ್ ಬಾರದಿರುವುದು ಕಲಿಕೆಯ ತೊಂದರೆ ಅಲ್ಲ. ಇಂಗ್ಲೆಂಡಿನ 2015ರ ವಿಶೇಷ ಅಗತ್ಯಗಳ ನಿಯಮಾವಳಿಯಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಬ್ರಿಟಿಷ್ ಶಾಲೆಗಳಲ್ಲಿ ಇಂಥ ಮಕ್ಕಳ ಇಂಗ್ಲಿಷಿಗೆ ಇಎಎಲ್ ಅಂತ ಬೇರೆಯೇ ವ್ಯವಸ್ಥೆ ಇರುತ್ತದೆ. ಇಎಎಲ್ ಟೀಚರ್ ಇದ್ದಾರಾ, ವಾರಕ್ಕೆ ಎಷ್ಟು ಪೀರಿಯಡ್ ಅಂತ ಕೇಳಲಿ. ಆಮೇಲೂ ಅನುಮಾನ ಇದ್ದರೆ ಪರೀಕ್ಷೆ ಜಪಾನಿ ಭಾಷೆಯಲ್ಲಿ ಆಗಬೇಕು. ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ ಮಗು ದಡ್ಡ ಅನ್ನಬಾರದು.

ಲೀಡ್ಸ್‌ನಿಂದ ವಾಪಸ್: ಮೇಡಂ, 6 ವರ್ಷ ಲೀಡ್ಸ್‌ನಲ್ಲಿದ್ದು ಹೋದ ತಿಂಗಳು ಬಂದೆವು. ಮಗನಿಗೆ 9 ವರ್ಷ, ಆಟಿಸಂ ಇದೆ. ಅಲ್ಲಿ ಎಲ್ಲ ಮಕ್ಕಳ ಜೊತೆ ಮಾಮೂಲಿ ಶಾಲೆಯಲ್ಲೇ ಓದುತ್ತಿದ್ದ. ಇಎಚ್‌ಸಿ ಪ್ಲಾನ್ ಇತ್ತು, ಅಂದರೆ ಅವನಿಗೆ ಏನೇನು ನೆರವು ಸಿಗಬೇಕು ಅಂತ ಅಲ್ಲಿನ ಕೌನ್ಸಿಲ್ ಬರೆದುಕೊಟ್ಟ ಕಾಗದ. ಇಲ್ಲಿ ಎರಡು ಶಾಲೆ ನೋಡಿದೆವು. ಮೊದಲನೆಯದರಲ್ಲಿ ರಿಪೋರ್ಟ್ ತೋರಿಸಿದ ಮಾರನೇ ದಿನ ಸೀಟ್ ಇಲ್ಲ ಅಂದರು. ಎರಡನೆಯದರಲ್ಲಿ ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಅವನ ಪಕ್ಕದಲ್ಲೇ ಇದ್ದು ನೆರವಾಗುವವರನ್ನು, ನೀವೇ ಹುಡುಕಿ, ಸಂಬಳ ನೀವೇ ಕೊಡಿ, ತೊಂದರೆ ಆದರೆ ಮಗುವನ್ನು ನಾವೇ ಬಿಡಿಸಿಕೊಂಡು ಹೋಗುತ್ತೇವೆ ಅಂತ ಸಹಿ ಹಾಕಿ ಅಂದರು. ಸೋಮವಾರ ಮೂರನೇ ಶಾಲೆಯಲ್ಲಿ ಟೆಸ್ಟ್. ನನ್ನ ಅಣ್ಣ ಹೇಳ್ತಾನೆ, ಈ ಸಲ ರಿಪೋರ್ಟೇ ತೋರಿಸಬೇಡ, ಹುಡುಗ ಮಾತಾಡ್ತಾನೆ, ಲೆಕ್ಕ ಚೆನ್ನಾಗಿ ಮಾಡ್ತಾನೆ, ಒಂದು ಗಂಟೆಯಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ. ನನಗೂ ಅದೇ ಸರಿ ಅನ್ನಿಸ್ತಿದೆ.

ಎಚ್‌ಎಸ್‌ಆರ್ ಅಮ್ಮ: ನಾವೂ ಹಾಗೇ ಮಾಡಿದ್ವಿ ಸರ್. ಒಳಗೆ ಸೇರಿದ ಮೇಲೆ ನಿಧಾನಕ್ಕೆ ಹೇಳಿದರಾಯ್ತು.

ಮೇಡಂ: ಬೇಡ. ದಯವಿಟ್ಟು ಆ ಸಲಹೆ ಕೊಡಬೇಡಿ.

ಲೀಡ್ಸ್ ಅವರೇ, ನಿಮ್ಮದನ್ನು ಎರಡು ಸಲ ಓದಿದೆ. ರಿಪೋರ್ಟ್ ಮುಚ್ಚಿಡಬೇಡಿ. ಟೆಸ್ಟ್ ದಿನ ನಿಮ್ಮ ಮಗ ತಣ್ಣಗೆ ಕೂತಿರುತ್ತಾನೆ. ಒಂದು ಕೋಣೆ, ಒಬ್ಬ ಟೀಚರ್, ಗಲಾಟೆ ಇಲ್ಲ. ಕಷ್ಟ ಶುರುವಾಗುವುದು ಆಗಸ್ಟ್‌ನಲ್ಲಿ, ಕ್ಲಾಸು ಶುರುವಾದ ಮೇಲೆ. 25 ಮಕ್ಕಳು ಒಟ್ಟಿಗೆ ಕುರ್ಚಿ ಎಳೆಯುತ್ತಾರೆ, ಹೇಳದೆ ಕೇಳದೆ ಫೈರ್ ಡ್ರಿಲ್ ಬೆಲ್ ಹೊಡೆಯುತ್ತದೆ. ಅವನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋದರೆ, ಏನೂ ಗೊತ್ತಿಲ್ಲದ ಟೀಚರ್ ಕಣ್ಣಿಗೆ ಅದು ಹಟ. ಹಟಕ್ಕೆ ಶಿಕ್ಷೆ.

ನಾಲ್ಕು ವರ್ಷದ ಹಿಂದೆ ಒಂದು ಶಾಲೆಯವರು ನನ್ನನ್ನು ಕರೆಸಿದ್ದರು. 8 ವರ್ಷದ ಹುಡುಗ, ಕತಾರ್‌ನಿಂದ ಬಂದವನು. ಮನೆಯವರು ಏನೂ ಹೇಳಿರಲಿಲ್ಲ. ಊಟದ ಬಿಡುವಿನಲ್ಲಿ ನೋಡಿದರೆ ಮೆಟ್ಟಿಲ ಕೆಳಗೆ, ನೆಲ ಒರೆಸುವ ಬಕೆಟ್ ಪಕ್ಕ ಕೂತಿದ್ದಾನೆ. ಡಬ್ಬಿ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ತೆಗೆಯುತ್ತಾನೆ, ಹಾಕುತ್ತಾನೆ. ಒಳಗೆ ಚಿತ್ರಾನ್ನ ಹಾಗೇ ಇತ್ತು. ಆರು ವಾರದಿಂದ ಮಧ್ಯಾಹ್ನ ಅಲ್ಲೇ ಕೂರುತ್ತಿದ್ದನಂತೆ. ಆಯಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗನನ್ನು ನಾನು ಮರೆತಿಲ್ಲ.

ಇನ್ನೊಂದು ವಿಷಯ ಪರೀಕ್ಷೆಯದು. ಮುಂದೆ ಐಜಿಸಿಎಸ್‌ಇ, ಅಂದರೆ ನಮ್ಮ 10ನೇ ಕ್ಲಾಸಿನ ಮಟ್ಟದ ಕೇಂಬ್ರಿಜ್ ಬೋರ್ಡ್ ಪರೀಕ್ಷೆ, ಬರೆಯುವಾಗ ಅವನಿಗೆ ಹೆಚ್ಚು ಸಮಯ ಬೇಕಾಗಬಹುದು. ಸಾಮಾನ್ಯವಾಗಿ ಕೊಡುವುದು 25%. ಅದಕ್ಕೆ ಕೇಂಬ್ರಿಜ್‌ಗೆ ಅರ್ಜಿ ಹಾಕುವುದು ಶಾಲೆ, ನೀವಲ್ಲ. ಈ ಮಗು ಕ್ಲಾಸಿನಲ್ಲೂ ಹೀಗೇ ಬರೆಯುತ್ತಾ ಬಂದಿದೆ ಅಂತ ದಾಖಲೆ ಇರಬೇಕು. ಇವತ್ತು ಮುಚ್ಚಿಟ್ಟರೆ ಅವತ್ತು ಏನು ತೋರಿಸುತ್ತೀರಿ?

ಇಎಚ್‌ಸಿ ಪ್ಲಾನ್ ಇಂಗ್ಲೆಂಡಿನ 2014ರ ಕಾಯ್ದೆಯದು. ಇಲ್ಲಿ ಅದಕ್ಕೆ ಕಾನೂನಿನ ಬಲ ಇಲ್ಲ. ಆದರೂ ನಿಮ್ಮ ಪಾಲಿಗೆ ಅದು ಚಿನ್ನ. ಎಫ್ ಸೆಕ್ಷನ್ ತೆಗೆಯಿರಿ. ಯಾವ ನೆರವು, ಎಷ್ಟು ಹೊತ್ತು, ಯಾರು ಕೊಡಬೇಕು ಅಂತ ಅಲ್ಲಿರುತ್ತದೆ. ಅದನ್ನು ಒಂದೇ ಹಾಳೆಗೆ ಇಳಿಸಿ. ಅವನಿಗೆ ಏನು ಇಷ್ಟ, ಏನು ಚೆನ್ನಾಗಿ ಮಾಡುತ್ತಾನೆ, ಯಾವ ಸದ್ದಿಗೆ ಬೆದರುತ್ತಾನೆ, ಆಗ ಏನು ಮಾಡಿದರೆ ಸರಿಹೋಗುತ್ತಾನೆ, ಎಲ್ಲ ಬರೆಯಿರಿ. 40 ಪುಟದ ಫೈಲನ್ನು ಯಾವ ಟೀಚರೂ ಓದುವುದಿಲ್ಲ. ಒಂದು ಹಾಳೆ ಓದುತ್ತಾರೆ.

ಸೋಮವಾರ ಆಫೀಸಿನವರ ಹತ್ತಿರ ಮಾತು ಮುಗಿಸಿಕೊಂಡು ಬರಬೇಡಿ. ಸೆನ್‌ಕೋ, ಅಂದರೆ ವಿಶೇಷ ಅಗತ್ಯಗಳ ಹೊಣೆ ಹೊತ್ತ ಟೀಚರ್, ಅವರನ್ನೇ ನೋಡಬೇಕು ಅನ್ನಿ. ನೆರವು ಪಡೆಯುವ ಮಕ್ಕಳು ಅವನ ಇಯರ್‌ನಲ್ಲಿ ಈಗ ಎಷ್ಟು ಜನ? ಬೆಳಿಗ್ಗೆ 11 ಗಂಟೆಗೆ ಅವರು ಎಲ್ಲಿ ಕೂತಿರುತ್ತಾರೆ, ಕ್ಲಾಸಿನಲ್ಲೋ ಬೇರೆ ಕೋಣೆಯಲ್ಲೋ? ಹೋದ ವರ್ಷ ಎಷ್ಟು ಜನ ಬಿಟ್ಟು ಹೋದರು, ಯಾಕೆ? ಇಂಥ ಮಕ್ಕಳಿಗೆ ನೆರವು ಕೊಡುವ ಕೋಣೆ, ರಿಸೋರ್ಸ್ ರೂಮ್, ಅದರ ಬಾಗಿಲು ತೆಗೆಸಿ ನೋಡಿ. ಒಂದು ಕಡೆ ನಾನು ಕೇಳಿದಾಗ ಬೀಗದ ಕೈ ಹುಡುಕುವುದಕ್ಕೇ 20 ನಿಮಿಷ ಹಿಡಿಯಿತು. ಒಳಗೆ ಸ್ಪೋರ್ಟ್ಸ್ ಡೇ ಬಾವುಟಗಳಿದ್ದವು. ಗೋಡೆ ಮೇಲಿನ ಕೇಂಬ್ರಿಜ್ ಫಲಕ ನೋಡಿ ನಂಬಬೇಡಿ. ಆ ಪರೀಕ್ಷೆ ನಡೆಸಬಹುದು ಅಂತ ಅದರ ಅರ್ಥ. ನಿಮ್ಮ ಮಗನನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಅದು ಹೇಳುವುದಿಲ್ಲ.

ಬಿಡಿಸಿಕೊಂಡು ಹೋಗುತ್ತೇವೆ ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಮಾನ್ಯತೆ ಇರುವ ಶಾಲೆಗಳಿಗೂ ಅನ್ವಯಿಸುತ್ತದೆ. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು ಅಂತಲೇ ಅದರಲ್ಲಿದೆ. ಶ್ಯಾಡೋ ಟೀಚರ್ ಬೇಕೇ ಬೇಕು ಅಂದರೆ, ಅವರು ದಿನಾ ಯಾರಿಗೆ ವರದಿ ಕೊಡುತ್ತಾರೆ, ಯಾವಾಗ ದೂರ ಸರಿಯುತ್ತಾರೆ ಅಂತ ಬರೆಸಿಕೊಳ್ಳಿ. ಶ್ಯಾಡೋ ಬಂದ ದಿನವೇ ಕ್ಲಾಸ್ ಟೀಚರ್ ಆ ಮಗುವಿನ ಹೆಸರು ಕರೆಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ.

ವರ್ತೂರು ಅಮ್ಮ: ನನ್ನ ತಂಗಿ ಮಗ ಇಯರ್ 2. ಅವನಿಗೆ ಯಾವ ಕ್ಲಾಸು ಮೇಡಂ?

ಮೇಡಂ: ಒಂದು ಕಳೆಯಿರಿ.

ಕೋರಮಂಗಲ ಅಪ್ಪ: ತಪ್ಪು ತಿಳಿಯಬೇಡಿ. ಲಕ್ಷ ಲಕ್ಷ ಫೀಸ್ ಕಟ್ಟುತ್ತೇವೆ. ಒಂದು ಮಗು ಕಿರುಚಿದರೆ ಉಳಿದ 20 ಮಕ್ಕಳ ಪಾಠ ನಿಲ್ಲುತ್ತೆ. ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ ಅಲ್ವಾ?

ಹೆಣ್ಣೂರು ಅಮ್ಮ: ಇಂಥ ಮಕ್ಕಳು ಅಂದರೆ ಯಾರು ಸರ್? ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ನಾವೂ ಅಷ್ಟೇ ಫೀಸ್ ಕಟ್ಟುತ್ತೇವೆ. ಅವಳ ಕ್ಲಾಸಿನ ಹುಡುಗಿಯರು ಅವಳಿಲ್ಲದೆ ಊಟಕ್ಕೆ ಕೂರುವುದಿಲ್ಲ.

ಕೋರಮಂಗಲ ಅಪ್ಪ: ನಿಮ್ಮ ಮಗಳ ಬಗ್ಗೆ ಹೇಳಲಿಲ್ಲ. ಸುಮ್ನೆ ಭಾವುಕರಾಗಬೇಡಿ.

ಹೆಣ್ಣೂರು ಅಮ್ಮ: ಹಾಗಾದರೆ ಯಾರ ಮಗಳ ಬಗ್ಗೆ ಹೇಳಿದಿರಿ?

ಬಸವನಗುಡಿ ಮಾವ: ಇಷ್ಟಕ್ಕೂ ಊರಿಗೆ ಬಂದ ಮೇಲೂ ಬ್ರಿಟಿಷ್ ಸಿಲೆಬಸ್ ಯಾಕೆ? ನಾವೆಲ್ಲ ಪಕ್ಕದ ರಸ್ತೆಯ ಶಾಲೆಯಲ್ಲೇ ಓದಿ ಬದುಕಿಲ್ವಾ?

ಬಿಡದಿಯಿಂದ: ಎರಡು ವರ್ಷಕ್ಕೆ ಬಂದು ಮತ್ತೆ ಹೊರಡುವ ಮನೆಯವರಿಗೆ ಅದೇ ಪಾಠ ಮುಂದುವರಿಯಬೇಕು ಸರ್. ಎಲ್ಲರೂ ಇಲ್ಲೇ ಉಳಿಯಲ್ಲ.

ಮೇಡಂ: ಕೋರಮಂಗಲದವರೇ, ಪಾಠ ನಿಲ್ಲುತ್ತಿದ್ದರೆ ಆ ಕ್ಲಾಸಿಗೆ ಇನ್ನೊಬ್ಬ ಟೀಚರ್ ಯಾಕಿಲ್ಲ ಅಂತ ಶಾಲೆಯನ್ನು ಕೇಳಿ. ಅಷ್ಟು ಫೀಸಿಗೆ ಅದು ಆಗಬೇಕು. ಮಗುವಿನ ಮೇಲೆ ಹಾಕಬೇಡಿ.

ರಾಜಾಜಿನಗರ ಅಣ್ಣ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. ಆಟಿಸಂ 90 ದಿನದಲ್ಲಿ ಮಾಯ. ದಿನಾ ಬಜೆ ತೇದು ನಾಲಿಗೆಗೆ ಹಚ್ಚಿ, ಒಂಟೆ ಹಾಲು ಕೊಡಿ, ಕೀಲೇಶನ್ ಮಾಡಿಸಿ ದೇಹದ ಲೋಹ ಹೊರಗೆ ತೆಗೆಸಿ. ಆಮೇಲೆ ಯಾವ ಶಾಲೆಯಾದರೂ ಸೇರಿಸಿಕೊಳ್ಳುತ್ತೆ.

ಮೇಡಂ: ಅಡ್ಮಿನ್, ಇದನ್ನು ತೆಗೆಯಿರಿ. ಕೀಲೇಶನ್ ಕೊಡುವಾಗಲೇ 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಆಟಿಸಂ ಹುಡುಗ ತೀರಿಕೊಂಡ. ಬಜೆಯಲ್ಲಿ ಅಸರೋನ್ ಅನ್ನುವ ವಿಷಕಾರಿ ಅಂಶ ಇದೆ. ಅದನ್ನು ಆಹಾರದಲ್ಲಿ ಬಳಸದಂತೆ ಅಮೆರಿಕ 1968ರಲ್ಲೇ ತಡೆದಿದೆ. ಇದರ ಬೆನ್ನಿಗೇ ಸ್ಟೆಮ್ ಸೆಲ್ ಚಿಕಿತ್ಸೆಯ ಫಾರ್ವರ್ಡ್ ಬರುತ್ತೆ ಅಂತ ಗೊತ್ತು. ಆಟಿಸಂಗೆ ಅದನ್ನು ಮಾಡಬೇಡಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆಟಿಸಂ ಮಾಯ ಆಗುವ ಕಾಯಿಲೆ ಅಲ್ಲ. ಸಾಲ ಮಾಡಿ ಇಂಥದ್ದಕ್ಕೆ ದುಡ್ಡು ಸುರಿದು, ಮಾತಿನ ತರಬೇತಿ ನಿಲ್ಲಿಸಿದ ಮನೆಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ರಾಜಾಜಿನಗರ ಅಣ್ಣ: ನಮ್ಮ ಅಜ್ಜಿ ಎಲ್ಲರಿಗೂ ಬಜೆ ಹಾಕಿದ್ದರು, ಯಾರಿಗೇನಾಯ್ತು? ಒಳ್ಳೇದಕ್ಕೆ ಹೇಳಿದರೆ ಹೀಗೆ ಮಾತಾಡ್ತೀರಲ್ಲ.

ಎಚ್‌ಎಸ್‌ಆರ್ ಅಮ್ಮ: ಒಂಟೆ ಹಾಲು ಎಲ್ಲಿ ಸಿಗುತ್ತೆ ಅಣ್ಣ?

ಮೇಡಂ: ಇದಕ್ಕೆ ಇನ್ನು ಉತ್ತರ ಕೊಡುವುದಿಲ್ಲ.

ಸರ್ಜಾಪುರ ಅಪ್ಪ: ಎ ಲೆವೆಲ್, ಅಂದರೆ ಬ್ರಿಟಿಷ್ ಸಿಲೆಬಸ್‌ನ 12ನೇ ಕ್ಲಾಸು, ಮುಗಿಸಿದರೆ ಇಲ್ಲಿ ಎಂಜಿನಿಯರಿಂಗ್ ಸಿಗುತ್ತಾ?

ಮೇಡಂ: ಭೌತ, ರಸಾಯನ, ಗಣಿತ ಮೂರನ್ನೂ ಇಟ್ಟುಕೊಳ್ಳಲಿ. ಅದು ನಮ್ಮ 12ನೇ ಕ್ಲಾಸಿಗೆ ಸಮ ಅನ್ನುವ ತತ್ಸಮಾನ ಪತ್ರ ತೆಗೆದುಕೊಳ್ಳಿ.

ಜಯನಗರ ಅಜ್ಜಿ: ನಮಸ್ಕಾರಮ್ಮ. ಮೊಮ್ಮಗಳಿಗೆ 4 ವರ್ಷ. ಸಿಂಗಾಪುರದಿಂದ ಬಂದು ಮೂರು ತಿಂಗಳಾಯ್ತು. ಮಾತು ತಡ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬೇಡಿ, ಮಗುಗೆ ಗೊಂದಲ ಆಗುತ್ತೆ ಅಂತ ಶಾಲೆಯವರು ಹೇಳಿದ್ದಾರೆ. ನನಗೆ ಇಂಗ್ಲಿಷ್ ಬರಲ್ಲ. ಅವಳ ಜೊತೆ ನಾನು ಮಾತೇ ಆಡಬಾರದಾ?

ಮೇಡಂ: ಆಡಿ ಅಜ್ಜಿ. ದಿನಾ ಆಡಿ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲೂ ಹಾಗೇ. ಸ್ನಾನ ಮಾಡಿಸುವಾಗ ನೀರು ಬಿಸಿ, ಕಣ್ಣು ಮುಚ್ಕೋ, ಸೋಪು ಎಲ್ಲಿ ಅಂತ ಹೇಳುತ್ತಾ ಹೋಗಿ. ಅವಳು ಬೊಟ್ಟು ಮಾಡಿ ತೋರಿಸಿದರೂ ಅದೂ ಒಂದು ಮಾತೇ. ನಿಮ್ಮಿಂದ ಕನ್ನಡ ಕಿತ್ತುಕೊಂಡರೆ ಆ ಮಗುವಿನ ಜೊತೆ ದಿನವಿಡೀ ಇರುವವರೇ ಮೂಕರಾಗುತ್ತಾರೆ. ಹಾಗೆ ಹೇಳಿದ ಶಾಲೆಯವರು ನನ್ನ ಜೊತೆ ಮಾತಾಡಲಿ. ಕಿವಿ ಪರೀಕ್ಷೆ ಆಗಿದೆಯಾ?

ಜಯನಗರ ಅಜ್ಜಿ: ಇಲ್ಲಮ್ಮ, ಅದು ಯಾರೂ ಹೇಳಲಿಲ್ಲ.

ಮೇಡಂ: ಮೊದಲು ಅದು. ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗ ಇದೆ. ಮೈಸೂರಿಗೆ ಹೋಗುವುದಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಶಾಲೆ ಆಮೇಲೆ ನೋಡೋಣ.

ಬಸವನಗುಡಿ ಮಾವ: ನೋಡಿ, ನಾನು ಹೇಳಿದ್ದೂ ಇದೇ, ಕನ್ನಡ ಶಾಲೆಗೆ ಹಾಕಿ ಅಂತ.

ಬಿಡದಿಯಿಂದ: ನೀವು ಹೇಳಿದ್ದು ಅದಲ್ಲ ಸರ್. ಎಲ್ಲದಕ್ಕೂ ನಿಮ್ಮದನ್ನೇ ತುರುಕಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ರಾಜಾಜಿನಗರದವರ ಫಾರ್ವರ್ಡ್ ತೆಗೆದಿದ್ದೇನೆ.

ಬೆಳ್ಳಂದೂರು ಅಪ್ಪ: ಕೊನೆಗೂ ಹೆಸರು ಹೇಳಲಿಲ್ಲ ಮೇಡಂ.

ಲೀಡ್ಸ್‌ನಿಂದ ವಾಪಸ್: ಮೇಡಂ, ಇವತ್ತು ಸೋಮವಾರ, ಹೋಗಿ ಬಂದೆವು. ಹಾಳೆ ಕೊಟ್ಟೆ. ಸೆನ್‌ಕೋ ಓದಿ ಒಂದೇ ಪ್ರಶ್ನೆ ಕೇಳಿದರು: ಫೈರ್ ಡ್ರಿಲ್ ಇದೆ ಅಂತ ಮುಂಚೆ ಹೇಳಿದರೆ ಸಾಕಾ, ಇಲ್ಲ ಬೆಲ್ ಹೊಡೆಯುವ ಮೊದಲೇ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕಾ ಅಂತ. ಸೀಟ್ ವಿಷಯ ಶುಕ್ರವಾರ ಹೇಳುತ್ತಾರಂತೆ. ನಮ್ಮ ಮನೆಯಿಂದ ಬಸ್ಸಿಗೆ ಒಂದೂಕಾಲು ಗಂಟೆ, ರಿಂಗ್ ರೋಡ್ ದಾಟಿ ಹೋಗಬೇಕು.

ಮೇಡಂ: ಅಷ್ಟು ಹೊತ್ತು ಬಸ್ಸಿನಲ್ಲಿ ಕೂತು ಹೋದರೆ ಕ್ಲಾಸಿಗೆ ಬರುವಷ್ಟರಲ್ಲೇ ಸುಸ್ತಾಗಿರುತ್ತಾನೆ. ಸೀಟ್ ಸಿಕ್ಕರೆ ಶಾಲೆ ಹತ್ತಿರ ಬಾಡಿಗೆ ಮನೆ ನೋಡಿ. ಅಲ್ಲಿವರೆಗೂ ನೀವೇ ಬಿಟ್ಟು ಬನ್ನಿ. ಶುಕ್ರವಾರ ಏನಂದರು ಅಂತ ಬರೆಯಿರಿ.