ಮುತ್ತಜ್ಜ ಮೆಸಪೊಟೇಮಿಯಾದಾಗ ಮಿಲಿಟರಿ ಡಾಕ್ಟರ್: ದಾಖಲೆ ಎಲ್ಲಿ ಹುಡುಕಬೇಕು?

ಪ್ರಶ್ನೆ (ಜಮಖಂಡಿ): ನಮ್ಮ ಮುತ್ತಜ್ಜ 1916ರ ಸುಮಾರಿಗೆ ಮೆಸಪೊಟೇಮಿಯಾದ (ಈಗಿನ ಇರಾಕ್) ಬಸ್ರಾದಲ್ಲಿ ದಂಡಿನ ಡಾಕ್ಟರ್ ಆಗಿದ್ದರು. ಮನೆಯಲ್ಲಿ ಎರಡು ಮೆಡಲ್ ಇವೆ, ಮರಾಠಾ ಪಲ್ಟನ್ನಿನವರ ಜೊತೆ ನಿಂತ ಒಂದು ಫೋಟೊ ಇದೆ. ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ವಿಚಾರಿಸಿದರೆ ಸಿಕ್ಕೀತೇ? ಅನುಭವ ಇದ್ದವರು ತಿಳಿಸಿ.

ಬೆಳಗಾವಿಯಿಂದ: ಸೆಂಟರ್‌ಗೆ ಹೋಗಿ ಉಪಯೋಗಿಲ್ಲರಿ. ಫೋಟೊ ನೋಡಿ ಎಲ್ಲಾರೂ ಮೊದಲ ಅಲ್ಲೇ ಓಡ್ತಾರ. ಡಾಕ್ಟರನ್ನ ಪಲ್ಟನ್ನಿಗೆ ಜೋಡಿಸಿ ಕೊಡ್ತಿದ್ರು ಅಷ್ಟ, ಅವರ ಹೆಸರು ಪಲ್ಟನ್ನಿನ ಹೆಸರಿನ ಪಟ್ಟಿದಾಗ ಇರೂದಿಲ್ಲ. ಅದು ವೈದ್ಯ ಖಾತೆ ಲೆಕ್ಕ. ಆ ಖಾತೆದಾಗೂ ಎರಡು ದರ್ಜೆ: ಕಮಿಷನ್ (ಸರ್ಕಾರದ ಅಧಿಕಾರಪತ್ರ) ಪಡೆದ ಐ.ಎಂ.ಎಸ್. (ಇಂಡಿಯನ್ ಮೆಡಿಕಲ್ ಸರ್ವಿಸ್) ಅಧಿಕಾರಿ ಬ್ಯಾರೆ, ಅವರ ಕೈಕೆಳಗಿನ ಸಬ್ ಅಸಿಸ್ಟಂಟ್ ಸರ್ಜನ್ ಬ್ಯಾರೆ. ಇದು ತಿಳಿಯೋತನಕ ಯಾವ ಕಚೇರಿಗೂ ಕಾಗದ ಬರೀಬ್ಯಾಡ್ರಿ, ಯಾಕಂದ್ರ ಎರಡರ ದಾಖಲೆ ಒಂದ ಕಡೆ ಇಲ್ಲ.

ಉತ್ತರ ನಿಮ್ಮ ಮೆಡಲಿನ ಮ್ಯಾಲೇ ಐತಿ. ಮೊದಲ ಮಹಾಯುದ್ಧದ ಬೆಳ್ಳಿ ಮೆಡಲ್ಲಿಗೂ, ರೆಕ್ಕೆ ಇರೂ ದೇವಿ ಚಿತ್ರದ ವಿಕ್ಟರಿ ಮೆಡಲ್ಲಿಗೂ ಅಂಚಿನ ಮ್ಯಾಲೆ ಹುದ್ದೆ, ಹೆಸರು, ಖಾತೆ ಒತ್ತಿರ್ತಾರ. ನಕ್ಷತ್ರದ ಆಕಾರದ್ದು ಇದ್ರ ಹಿಂದ ನೋಡ್ರಿ. ಬ್ಯಾಟರಿ ಬೆಳಕು ಅಡ್ಡ ಹಿಡದು ಭೂತಗನ್ನಡಿಯಿಂದ ಓದ್ರಿ. ಹುಣಸೇಹುಳಿ, ಬೂದಿ ಹಚ್ಚಿ ತಿಕ್ಕಬ್ಯಾಡ್ರಿ ಮತ್ತ, ಮೊದಲ ಸವೆಯೋದ ಆ ಅಕ್ಷರ.

ಪ್ರಶ್ನೆ ಕೇಳಿದವರು: ಓದಿದೆ. ‘ಎಸ್.ಎ. ಸರ್ಜ್.’, ಕೊನೆಗೆ ‘ಐ.ಎಸ್.ಎಂ.ಡಿ.’ ಅಂತ ಇದೆ. ಹೆಸರಿನ ಜಾಗದಲ್ಲಿ ಅಡ್ಡಹೆಸರೇ ಇಲ್ಲ, ಅವರದೂ ಅವರ ತಂದೆಯದೂ ಮಾತ್ರ.

ವಿಜಯಪುರದಿಂದ: ಹಾಗಾದರೆ ಇಂಡಿಯನ್ ಸಬಾರ್ಡಿನೇಟ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಅಂದರೆ ಸಬ್ ಅಸಿಸ್ಟಂಟ್ ಸರ್ಜನ್. ಇವರು ಸಾಮಾನ್ಯವಾಗಿ ಪದವಿ ಕಾಲೇಜಿನವರಲ್ಲ, ಪುಣೆಯ ಬಿ.ಜೆ. ಮೆಡಿಕಲ್ ಸ್ಕೂಲಿನಂಥ ಶಾಲೆಗಳಲ್ಲಿ ಕಲಿತವರು. ಮುಂಬೈ ವಿಶ್ವವಿದ್ಯಾಲಯದ ಪದವೀಧರರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಂಗೆಡಬೇಡಿ. ಬ್ರಿಟಿಷ್ ಸರ್ಕಾರದ ರಾಜ್ಯಪತ್ರವಾದ ಲಂಡನ್ ಗೆಜೆಟ್ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಈ ದರ್ಜೆಯವರು ಅಲ್ಲಿ ಕಾಣುವುದು ಪದಕವೋ ಪ್ರಶಂಸೆಯೋ ಬಂದಿದ್ದರೆ ಮಾತ್ರ. ಅದೂ ಘಟನೆ ನಡೆದು ತಿಂಗಳುಗಟ್ಟಲೆ ಆದ ಮೇಲೆ, ಹಾಗಾಗಿ 1919ರವರೆಗೂ ನೋಡಿ.

ಹೆಸರೇ ದೊಡ್ಡ ತೊಡಕು. ನಮ್ಮ ಕಡೆ ಹೆಸರು, ತಂದೆ, ಅಡ್ಡಹೆಸರು ಎಂಬ ಕ್ರಮ. ದಂಡಿನ ಗುಮಾಸ್ತ ಒಮ್ಮೊಮ್ಮೆ ಮೂರನೆಯದನ್ನು ಬಿಟ್ಟು ತಂದೆಯ ಹೆಸರನ್ನೇ ಮನೆತನದ ಹೆಸರೆಂದು ಬರೆದುಕೊಂಡ. ನಿಮ್ಮಲ್ಲಿ ಆಗಿರುವುದೂ ಅದೇ. ಮೆಡಲಿನ ಮೇಲಿನ ಸ್ಪೆಲ್ಲಿಂಗನ್ನು ಹಾಗೇ ಹಾಕಿ ಮೊದಲು ಹುಡುಕಿ. ಈಗಿನ ಸ್ಪೆಲ್ಲಿಂಗ್ ಆಮೇಲೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಹೆಸರಿನ ಜೊತೆಗೆ ಹುದ್ದೆಯನ್ನೂ ಹಾಕಿ ನೋಡಿ, ಹಳೆಯ ಫೈಲಿನ ಶೀರ್ಷಿಕೆಗಳಲ್ಲಿ ಹುದ್ದೆ ಇರುತ್ತದೆ, ಹೆಸರು ಎಷ್ಟೋ ಸಲ ಇರುವುದಿಲ್ಲ.

ಫೋಟೊದಲ್ಲಿ ಪಲ್ಟನ್ನಿನ ಸಂಖ್ಯೆ ಕಂಡರೆ ಬರೆಯಿರಿ. 103, 110, 117 ಈ ಮೂರೂ ಮರಾಠಾ ಪಲ್ಟನ್ನುಗಳು ಕುಟ್‌ (ಮೆಸಪೊಟೇಮಿಯಾದ ಊರು) ಮುತ್ತಿಗೆಯಲ್ಲಿ ಸಿಕ್ಕಿಬಿದ್ದು 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾದವು. ಜೊತೆಗಿದ್ದ ವೈದ್ಯರೂ ಸೆರೆಯಾದರು. ಹಾಗಿದ್ದರೆ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನ ಮೊದಲ ಮಹಾಯುದ್ಧದ ಕೈದಿಗಳ ದಾಖಲೆ ಆನ್‌ಲೈನಿನಲ್ಲಿದೆ, ನೋಡಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ, ಮುತ್ತಜ್ಜ ಯುದ್ಧದಿಂದ ಮರಳಿ ಬಂದಿದ್ದರೆ, ನಿಮಗೆ ಬೇಡ, ಅದು ಯುದ್ಧಕಾಲದಲ್ಲಿ ತೀರಿಕೊಂಡವರದು.

ಬೆಳಗಾವಿಯಿಂದ ಮತ್ತೊಬ್ಬರು: ಯುನಿಟ್ ತಿಳಿದರೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ‘ಡಬ್ಲ್ಯುಒ 95’ ಸರಣಿ ತೆಗೆಯಿರಿ. ಮೊದಲ ಮಹಾಯುದ್ಧದ ಯುನಿಟ್ ಡೈರಿಗಳು, ಫೀಲ್ಡ್ ಆಂಬುಲೆನ್ಸ್ (ರಣರಂಗದ ವೈದ್ಯ ತುಕಡಿ) ಹಾಗೂ ಆಸ್ಪತ್ರೆಗಳದ್ದೂ ಸೇರಿ. ಆಸೆ ಹದವಾಗಿರಲಿ: ಅಧಿಕಾರಿಯ ಹೆಸರು ಬರೆಯುವ ಡೈರಿ ಸಬ್ ಅಸಿಸ್ಟಂಟರನ್ನು ಹೆಚ್ಚಾಗಿ ತಲೆ ಎಣಿಸಿ ಮುಗಿಸುತ್ತದೆ. ಹೆಸರು ಸಿಗದಿದ್ದರೂ ಆ ದಿನ ಎಷ್ಟು ಗಾಯಾಳುಗಳು ಬಂದರು, ಯಾವ ದೋಣಿಯಲ್ಲಿ ಕೆಳಗೆ ಬಸ್ರಾಕ್ಕೆ ಕಳಿಸಿದರು ಎಂಬುದು ಸಿಕ್ಕೀತು, ಅದೇನು ಕಡಿಮೆಯಲ್ಲ.

ಬಾಗಲಕೋಟೆಯಿಂದ: ಊರ ಕಡೆ ದಾಖಲೆ ಮರೀಬ್ಯಾಡ್ರಿ. ಜಮಖಂಡಿ 1948ರ ತನಕ ಸಂಸ್ಥಾನ. ಅಲ್ಲೀತನಕದ ಕಾಗದ ಮುಂಬೈ ಸರ್ಕಾರದ್ದಲ್ಲ, ಸಂಸ್ಥಾನದ್ದು, ಭಾಳಷ್ಟು ಮರಾಠಿ, ಅದೂ ಮೋಡಿ ಅನ್ನೂ ಹಳೇ ಕೂಡುಬರಹದ ಲಿಪಿ. ಮೋಡಿ ಓದೋರನ್ನ ಮೊದಲ ಹುಡುಕಿ ಇಟ್ಕೋರಿ. ಹೊಲ ಇದ್ರ ಹಳೇ ಉತಾರ (ಪಹಣಿ), ವಾರಸಾ ಡೈರಿ (ವಾರಸುದಾರರ ದಾಖಲೆ) ತೆಗಸ್ರಿ. ತೀರಿಕೊಂಡ ವರ್ಷ, ವಾರಸುದಾರರ ಹೆಸರು ಅಲ್ಲಿ ಸಿಗ್ತಾವ.

ಪ್ರಶ್ನೆ ಕೇಳಿದವರು: ಲಖನೌಗೆ ಆರ್‌ಟಿಐ ಹಾಕಿ ಅಂತ ಕೆಲವರು ಹೇಳುತ್ತಿದ್ದಾರೆ?

ವಿಜಯಪುರದಿಂದ: ನಿಮಗೆ ಬೇಡ. ಲಖನೌದಲ್ಲಿರುವ ದಾಖಲೆ ಕಚೇರಿ ಸೇನೆಯ ವೈದ್ಯ ವಿಭಾಗವಾದ ಆರ್ಮಿ ಮೆಡಿಕಲ್ ಕೋರ್‌ನದು. ಆ ಕೋರ್ ಹುಟ್ಟಿದ್ದೇ 1943ರ ಏಪ್ರಿಲ್ 3ಕ್ಕೆ. ಎರಡನೇ ಮಹಾಯುದ್ಧದವರನ್ನು ಹುಡುಕುವವರು ಹಾಕಬಹುದು, ಶುಲ್ಕ 10 ರೂಪಾಯಿ. ಸೇವಾ ಸಂಖ್ಯೆಯನ್ನು ಅಂಕಿಗಿಂತ ಮೊದಲು ಬರುವ ಅಕ್ಷರಗಳ ಸಮೇತ ಬರೆಯಿರಿ, ಬರೀ ಅಂಕಿಯಿಂದ ಫೈಲು ಸಿಗುವುದು ಕಷ್ಟ. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ತಂದ ವಂಶವೃಕ್ಷ ಲಗತ್ತಿಸಿದರೆ ‘ಮೂರನೆಯವರ ಖಾಸಗಿ ಮಾಹಿತಿ’ ಎಂದು ತಳ್ಳಿಹಾಕುವ ದಾರಿ ಕಿರಿದಾಗುತ್ತದೆ. ತಳ್ಳಿಹಾಕಿದರೂ ಮೇಲ್ಮನವಿಯಲ್ಲಿ ಆರ್‌ಟಿಐ ಕಾಯ್ದೆಯ ಕಲಂ 8(3) ತೋರಿಸಿ, 20 ವರ್ಷಕ್ಕಿಂತ ಹಳೆಯ ಸಂಗತಿಗೆ ಆ ಖಾಸಗಿತನದ ನೆಪ ನಿಲ್ಲುವುದಿಲ್ಲ.